ನಾಯಿಯ ಮುಖ ‘ಸುಮ್ಮನೆ’ ಊದುವುದಿಲ್ಲ

“ಡಾಕ್ಟ್ರೇ, ನಾಯಿಯ ಮುಖ ಸುಮ್ಮನೆ ಊದಿದೆ. ಎಂತ ಮಾತ್ರೆ ಕೊಡುವುದು?” ಮಂಗಳೂರಿನ ಫ್ಲ್ಯಾಟಿನಿಂದ ಬಂದರೂ ಕಾರ್ಕಳದ ತೋಟದ ಮನೆಯಿಂದ ಬಂದರೂ ಫೋನಿನಲ್ಲಿ ಇದೇ ಮಾತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಆ ‘ಸುಮ್ಮನೆ’ಯನ್ನು ಬಿಟ್ಟುಬಿಡಿ. ನೀವು ನೋಡಲಿಲ್ಲ ಎಂದರೆ ಏನೂ ಆಗಲಿಲ್ಲ ಎಂದಲ್ಲ. ಮುರಕಲ್ಲಿನ ಗೋಡೆಯ ಸಂದಿ ಇರಲಿ, ಒಣ ಮಡಲಿನ ರಾಶಿ ಇರಲಿ, ಅಡಿಕೆ ಬುಡದ ತರಗೆಲೆ ಇರಲಿ, ನಾಯಿ ಮೊದಲು ಮೂತಿ ತೂರಿಸುತ್ತದೆ. ಒಳಗಿರುವ ಕಡಜವೋ ಹಾವೋ ಕಚ್ಚುವುದೂ ಮೂತಿಗೇ. ಇನ್ನು ಮಾತ್ರೆ. ಊತ ಎನ್ನುವುದು ಒಂದು ಕಾಯಿಲೆಯಲ್ಲ. ಕಡಜದ ಊತ ಇಳಿಸುವ ಮಾತ್ರೆ ಹಾವಿನ ವಿಷವನ್ನು ಮುಟ್ಟುವುದೂ ಇಲ್ಲ, ಹಲ್ಲಿನ ಬುಡದ ಕೀವನ್ನು ಒಣಗಿಸುವುದೂ ಇಲ್ಲ. ಕಾರಣ ಗೊತ್ತಾಗದೆ ಮಾತ್ರೆಯ ಹೆಸರು ಹೇಳು ಎಂದರೆ ನಾನು ಹೇಳುವುದಿಲ್ಲ. ಅದಕ್ಕೆ ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ನೀವು ಕೇಳಬೇಕಾದದ್ದು ಬೇರೆ: “ಬೆಳಗಿನವರೆಗೆ ಕಾಯಬಹುದಾ?” ಈ ಪ್ರಶ್ನೆಗೆ ಉತ್ತರ ಇದೆ, ಅರ್ಧದಷ್ಟನ್ನು ನೀವೇ ನೋಡಿ ತಿಳಿಯಬಹುದು.

ತುಟಿ, ಮೂತಿ, ಎರಡೂ ಕಣ್ಣಿನ ರೆಪ್ಪೆ ಒಟ್ಟಿಗೆ, ನೋಡನೋಡುತ್ತಲೇ ಮೆತ್ತಗೆ ಊದಿದೆ, ನಾಯಿ ಮುಖವನ್ನು ನೆಲಕ್ಕೆ ಉಜ್ಜುತ್ತಿದೆ, ಮೈಮೇಲೆ ಅಲ್ಲಲ್ಲಿ ರೋಮ ಗುಪ್ಪೆಯಾಗಿ ಎದ್ದಿದೆ ಎಂದಾದರೆ ಅದು ಹೆಚ್ಚಾಗಿ ಅಲರ್ಜಿ. ಜೇನು, ಕಡಜ, ಅಥವಾ ಅದೇ ದಿನ ಹಾಕಿಸಿದ ಲಸಿಕೆ. ಹೀಗಿದ್ದಾಗ ಮೇಲಿನ ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಯಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡು ಕಪ್ಪಿರುವ ನಾಯಿಯಾದರೆ ಕೆಳ ರೆಪ್ಪೆಯನ್ನು ಎಳೆದು ಒಳಗಿನ ಬಣ್ಣ ನೋಡಿ. ಬಣ್ಣ ಸರಿಯಿದ್ದು, ಉಸಿರಿನಲ್ಲಿ ಸದ್ದಿಲ್ಲದೆ, ನಾಯಿ ಓಡಾಡಿಕೊಂಡಿದ್ದರೆ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಅವರು ಒಪ್ಪಿದರೆ ಅಲರ್ಜಿಯ ಮಾತ್ರೆಯಾದ ಸಾದಾ ಸೆಟಿರಿಜಿನ್ ಕೊಡಬಹುದು. ಹತ್ತು ಕಿಲೋ ನಾಯಿಗೆ 10 ಮಿಲಿಗ್ರಾಂನ ಒಂದು ಮಾತ್ರೆ ಅಂದಾಜು ಲೆಕ್ಕ. ಸ್ಟ್ರಿಪ್ಪಿನ ಹಿಂಬದಿ ಓದದೆ ಮಾತ್ರ ಕೊಡಬೇಡಿ. ಶೀತದ ಮಾತ್ರೆಗಳಲ್ಲಿ ಸೆಟಿರಿಜಿನ್ ಜೊತೆ ಸ್ಯೂಡೋಎಫೆಡ್ರಿನ್ ಅಥವಾ ಫಿನೈಲೆಫ್ರಿನ್ ಸೇರಿಸಿರುತ್ತಾರೆ, ಅವು ನಾಯಿಯ ಹೃದಯಕ್ಕೆ ಅಪಾಯ.

ಅದೇ ನಾಯಿ ವಾಂತಿ ಮಾಡಿತು, ಭೇದಿಯಾಯಿತು, ತೂರಾಡಿತು, ವಸಡು ಬಿಳುಚಿತು ಎಂದಾದರೆ ಒಂದು ನಿಮಿಷವೂ ಕಾಯುವಂತಿಲ್ಲ. ತೀವ್ರ ಅಲರ್ಜಿಯ ಪೆಟ್ಟು ಮನುಷ್ಯರಲ್ಲಿ ಹೆಚ್ಚಾಗಿ ಉಸಿರಿಗೆ ಬೀಳುತ್ತದೆ, ನಾಯಿಯಲ್ಲಿ ಕರುಳಿಗೆ ಮತ್ತು ಯಕೃತ್ತಿಗೆ. ಮನೆಯವರು “ಏನೋ ತಿಂದಿರಬೇಕು, ವಾಂತಿಯಾದರೆ ಒಳ್ಳೆಯದೇ” ಎಂದು ಕೂತುಬಿಡುತ್ತಾರೆ. ಈ ಹಂತದಲ್ಲಿ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್ ಮತ್ತು ಡ್ರಿಪ್, ಮಾತ್ರೆಯಲ್ಲ.

ಊತ ಒಂದೇ ಕಡೆ, ಒಂದು ಬಿಂದುವಿನಿಂದ ಶುರುವಾಗಿ ಹರಡುತ್ತಿದೆ, ಮುಟ್ಟಿದರೆ ನಾಯಿ ಕಿರುಚುತ್ತದೆ, ಅಲ್ಲಿಂದ ರಕ್ತ ಜಿನುಗುತ್ತಿದೆ, ಚರ್ಮ ನೀಲಿಗಟ್ಟುತ್ತಿದೆ ಎಂದಾದರೆ ಹಾವೆಂದೇ ತಿಳಿದು ಹೊರಡಿ. ಮೊದಲು ಕತ್ತಿನ ಬೆಲ್ಟ್ ಬಿಚ್ಚಿ. ಮೂತಿಯ ಊತ ಗಂಟಲಿಗೆ ಇಳಿಯುತ್ತದೆ, ಆಗ ಅದೇ ಬೆಲ್ಟ್ ಉರುಳಾಗುತ್ತದೆ. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆದುಕೊಳ್ಳಿ. ಆಸ್ಪತ್ರೆ ತಲುಪುವಾಗ ಗೆರೆ ದಾಟಿದ್ದರೆ ಅದೇ ವೈದ್ಯರಿಗೆ ದೊಡ್ಡ ಮಾಹಿತಿ. ಕೊಯ್ಯುವುದು, ಕಟ್ಟುವುದು, ಐಸ್ ಇಡುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ.

ಹೊರಡುವ ಮೊದಲು ಫೋನ್ ಮಾಡಿ “ವಿಷನಿರೋಧಕ ಸೀರಂ ಸ್ಟಾಕ್ ಇದೆಯಾ, ಎಷ್ಟು ಬಾಟಲಿ?” ಎಂದು ಕೇಳಿ. ಎಲ್ಲ ಕ್ಲಿನಿಕ್ಕಿನಲ್ಲೂ ಇರುವುದಿಲ್ಲ, ಒಂದು ಬಾಟಲಿ ಹತ್ತು ಮಿಲಿ, ಒಂದರಲ್ಲೇ ಮುಗಿಯುತ್ತದೆ ಎನ್ನುವ ಹಾಗೂ ಇಲ್ಲ. ಅಲ್ಲಿ ಎರಡು ಮಿಲಿ ರಕ್ತವನ್ನು ಒಣಗಿದ ಶುದ್ಧ ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ಜಾತಿಯ ವಿಷ ಎಂಬ ಅನುಮಾನ ಬಲವಾಗುತ್ತದೆ. ಆ 20 ನಿಮಿಷ “ಸುಮ್ಮನೆ ಕೂರಿಸಿದರು” ಎಂದು ಜಗಳಕ್ಕೆ ಹೋಗಬೇಡಿ. ನಮ್ಮಲ್ಲಿ ಸಿಗುವ ಸೀರಂ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಘಟ್ಟದ ಬುಡದ ತೋಟಗಳಲ್ಲಿರುವ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ಇನ್ನೊಂದು ಮಂಡಲದ ಜಾತಿಯ ಹಾವಿನ ವಿಷಕ್ಕೆ ಅದು ನಾಟುವುದಿಲ್ಲ. ಹಾವು ಕಣ್ಣಿಗೆ ಬಿದ್ದರೆ ದೂರದಿಂದ ಒಂದು ಫೋಟೋ ತೆಗೆಯಿರಿ. ಅಟ್ಟಿಸಿಕೊಂಡು ಹೋಗಬೇಡಿ.

ಮೂರನೆಯದು ನಿಧಾನದ್ದು. ಒಂದು ಕಣ್ಣಿನ ಸರಿ ಕೆಳಗೆ ಗಟ್ಟಿ ಉಬ್ಬು, ಕೆಲವೊಮ್ಮೆ ಒಡೆದು ಕೀವು. ಕಣ್ಣಿನ ಕಾಯಿಲೆ ಎಂದು ವಾರಗಟ್ಟಲೆ ಡ್ರಾಪ್ಸ್ ಹಾಕುತ್ತಾರೆ. ನಿಜವಾಗಿ ಕೆಟ್ಟಿರುವುದು ಮೇಲ್ದವಡೆಯ ದೊಡ್ಡ ಹಲ್ಲು, ನಾಲ್ಕನೇ ಪ್ರೀಮೋಲಾರ್. ಮೂರು ಬೇರಿನ ಆ ಹಲ್ಲಿನ ಬುಡ ಕಣ್ಣಿನ ಕೆಳಗೇ ಇರುತ್ತದೆ. ಆಂಟಿಬಯೋಟಿಕ್ ಕೊಟ್ಟರೆ ಊತ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಬರುತ್ತದೆ. ಇದಕ್ಕೆ ಎಕ್ಸ್‌ರೇ ತೆಗೆದು ಹಲ್ಲು ಕೀಳಬೇಕು ಅಥವಾ ರೂಟ್ ಕೆನಾಲ್ ಮಾಡಬೇಕು. ರಾತ್ರಿ ಓಡುವ ಅಗತ್ಯವಿಲ್ಲ, ಆದರೆ ಮುಂದಿನ ತಿಂಗಳಿಗೆ ತಳ್ಳುವುದೂ ಸಲ್ಲದು.

ಮೂರರಲ್ಲಿ ಯಾವುದೇ ಇರಲಿ, ಮನೆಯಲ್ಲಿ ಉಳಿದ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಕಡಜ ಕಚ್ಚಿದಲ್ಲಿಗೆ ವೀಳ್ಯದ ಸುಣ್ಣ ಹಚ್ಚುವುದನ್ನೂ ಬಿಡಿ. ನಾಯಿ ಅದನ್ನು ನೆಕ್ಕುತ್ತದೆ, ಕಾಲಿನಿಂದ ಉಜ್ಜಿ ಕಣ್ಣಿಗೆ ತಾಗಿಸಿಕೊಳ್ಳುತ್ತದೆ, ಕಣ್ಣು ಸುಟ್ಟುಹೋಗುತ್ತದೆ.

ಆ ಪ್ರೀಮೋಲಾರ್ ಒಡೆಯುವುದು ಬಹಳ ಸಲ ಆದಿತ್ಯವಾರದ ಮಟನ್ ಮೂಳೆಯಿಂದ. ಅಗಿಯಲು ಕೊಡುವ ವಸ್ತುವನ್ನು ಮೊದಲು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಗುರುತು ಬೀಳದಿದ್ದರೆ ಅದು ನಾಯಿಯ ಹಲ್ಲಿಗೂ ಗಟ್ಟಿಯೇ.