ದೊಡ್ಡಮ್ಮ ನಡೆದ ದಾರಿಯಲ್ಲಿ ಚಿಕ್ಕಮಗಳೂರು

ಚಿಕ್ಕಮಗಳೂರಿಗೆ ಬರುವವರಲ್ಲಿ ಬಹಳಷ್ಟು ಜನ ಚಿಕ್ಕಮಗಳೂರನ್ನು ನೋಡುವುದೇ ಇಲ್ಲ. ಶನಿವಾರ ಬೆಳಿಗ್ಗೆ ಬೆಂಗಳೂರಿನ ಕಾರುಗಳು ಸಾಲಾಗಿ ಬರುತ್ತವೆ. ಮಸಾಲೆ ದೋಸೆ ತಿಂದು, ಪೆಟ್ರೋಲ್ ಹಾಕಿಸಿಕೊಂಡು ಮುಳ್ಳಯ್ಯನಗಿರಿ ದಾರಿಯಲ್ಲಿರುವ ಕೈಮರದ ಕಡೆ ಹೊರಟುಬಿಡುತ್ತವೆ. ಮುಳ್ಳಯ್ಯನಗಿರಿ ನನಗೂ ಪ್ರಾಣ. 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರ ಮನೆ ಬಾಗಿಲಲ್ಲೇ ಇದೆ ಅನ್ನುವುದು ಸಣ್ಣ ಮಾತಲ್ಲ. ಆದರೆ ಆ ಬೆಟ್ಟಸಾಲಿನಲ್ಲಿ ಬೆಳೆದ ಕಾಫಿ ಕೆಳಗಿಳಿದು ಎಲ್ಲಿಗೆ ಬರುತ್ತಿತ್ತು, ಯಾರ ಕೈ ದಾಟಿ ಹೋಗುತ್ತಿತ್ತು ಅಂತ ತಿಳಿಯಬೇಕಾದರೆ ಊರೊಳಗೆ ನಡೆಯಬೇಕು. ಜನವರಿಯ ಒಂದು ಭಾನುವಾರ ದೊಡ್ಡಮ್ಮನ ಜೊತೆ ಹಾಗೆ ನಡೆದೆ.

ದೊಡ್ಡಮ್ಮ ಹಿರೇಮಗಳೂರಿನವರು. ಮದುವೆಗೆ ಮುಂಚಿನಿಂದಲೂ ಕ್ಯೂರಿಂಗ್‌ಗೆ ಹೋದವರು. ಕ್ಯೂರಿಂಗ್ ಅಂದರೆ ಕಾಫಿ ಕ್ಯೂರಿಂಗ್ ವರ್ಕ್ಸ್, ತೋಟದಿಂದ ಬಂದ ಕಾಫಿಯ ಹೊಟ್ಟು ಬಿಡಿಸಿ, ಆರಿಸಿ ಮಾರಾಟಕ್ಕೆ ತಯಾರು ಮಾಡುವ ಕಾರ್ಖಾನೆ. ನಮ್ಮೂರಲ್ಲಿ ಅಷ್ಟು ಉದ್ದ ಯಾರೂ ಹೇಳುವುದಿಲ್ಲ. "ಅಮ್ಮ ಎಲ್ಲಿ?" ಅಂದರೆ "ಕ್ಯೂರಿಂಗ್‌ಗೆ ಹೋಗಿದಾಳೆ" ಅಷ್ಟೇ. ಮಂಡಿ ನೋವು ಜಾಸ್ತಿ ಆಗುವ ಮುಂಚೆ ಆ ಹಳೆ ದಾರಿಯಲ್ಲಿ ಒಂದ್ಸಲ ನಡೆಯಬೇಕು ಅನ್ನುವುದು ಅವರ ಆಸೆ.

ಹಿರೇಮಗಳೂರಿನಿಂದಲೇ ಶುರು ಮಾಡಿದೆವು. ಸಖರಾಯಪಟ್ಟಣದ ರುಕ್ಮಾಂಗದ ರಾಜ ಹಿರಿಯ ಮಗಳಿಗೆ ಕೊಟ್ಟ ಊರು ಇದು, ಕಿರಿಯ ಮಗಳಿಗೆ ಕೊಟ್ಟದ್ದು ಚಿಕ್ಕಮಗಳೂರು ಅಂತ ಕತೆ ಇದೆ. ಈಗ ಅಕ್ಕನ ಊರೇ ತಂಗಿಯ ಊರಿನೊಳಗೆ ಸೇರಿಹೋಗಿದೆ. ಕೋದಂಡರಾಮನ ಗುಡಿಯಲ್ಲಿ ರಾಮ, ಸೀತೆ, ಲಕ್ಷ್ಮಣ ನಿಂತಿರುವುದು ಹನುಮಂತನಿರುವ ಒಂದೇ ಪೀಠದ ಮೇಲೆ. ಸೀತೆ ಇಲ್ಲಿ ರಾಮನ ಬಲಕ್ಕಿದ್ದಾಳೆ. ಬೇರೆ ಕಡೆ ಎಡಕ್ಕಿರುತ್ತಾಳೆ, ಅಲ್ವಾ? ಪರಶುರಾಮ ರಾಮನಿಗೆ, ತನಗೆ ಮದುವೆಯ ರೂಪವನ್ನೇ ತೋರಿಸು ಅಂತ ಕೇಳಿಕೊಂಡನಂತೆ. ಮದುವೆಯಲ್ಲಿ ಹೆಣ್ಣು ಗಂಡಿನ ಬಲಕ್ಕಿರುತ್ತಾಳಲ್ಲ. ಗರ್ಭಗುಡಿ ಹೊಯ್ಸಳರ ಕಾಲದ್ದು, ಮುಂದಿನ ಮಂಟಪಗಳು ಆಮೇಲೆ ಸೇರಿದ್ದು. ಇನ್ನೂ ದೊಡ್ಡ ವಿಶೇಷ ಅಂದರೆ ಇಲ್ಲಿನ ಪೂಜೆ ಕನ್ನಡದಲ್ಲಿ. ಗುಡಿಯ ಅರ್ಚಕ ಹಿರೇಮಗಳೂರು ಕಣ್ಣನ್ ಅವರು ಇದನ್ನು ನಾಡಿಗೆಲ್ಲ ಗೊತ್ತು ಮಾಡಿದರು. ದೊಡ್ಡಮ್ಮ ಓದಿದ್ದು ಕಡಿಮೆ. "ದೇವರ ಹತ್ರ ನಮ್ಮ ಪರವಾಗಿ ಏನು ಕೇಳ್ತಿದಾರೆ ಅಂತ ಇಲ್ಲಿ ನಂಗೆ ತಿಳೀತದೆ ಕಣೇ" ಅಂದರು. ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಅದೇ ಊರಿನ ಈಶ್ವರನ ಗುಡಿಗೆ ಹೊರಗಿನವರು ಬರುವುದು ತೀರಾ ಕಡಿಮೆ. ಅಲ್ಲಿ ಸುಮಾರು ನಾಲ್ಕು ಅಡಿ ಎತ್ತರದ ಒಂದು ಕಲ್ಲಿನ ಮೂರ್ತಿ ಇದೆ. ಜಡೆಮುನಿ ಅಂತಾರೆ. ಒಂದು ಯೂಪಸ್ತಂಭ, ಅಂದರೆ ಯಾಗದ ಕಂಬವೂ ಇದೆ. ಜನಮೇಜಯ ಸರ್ಪಯಾಗ ಮಾಡಿದಾಗ ನೆಟ್ಟಿದ್ದು ಅನ್ನುವ ನಂಬಿಕೆ. ಹಾವು ಕಚ್ಚಿದವರು ಅದನ್ನು ಸುತ್ತು ಹಾಕಿದರೆ ವಿಷ ಇಳಿಯುತ್ತದೆ ಅಂತ ಹಿಂದಿನವರು ನಂಬಿದ್ದರು. ಕಾಫಿ ತೋಟದಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಹಾವಿನ ಭಯ ದಿನದ್ದು. ಆಸ್ಪತ್ರೆ, ಇಂಜೆಕ್ಷನ್ ಇಲ್ಲದ ಕಾಲದಲ್ಲಿ ಜನ ಈ ಕಲ್ಲನ್ನು ಎಷ್ಟು ಗಟ್ಟಿಯಾಗಿ ನಂಬಿರಬಹುದು ಅಂತ ಯೋಚಿಸುತ್ತ ನಿಂತೆ. ದೊಡ್ಡಮ್ಮ ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡು "ಈಗ ಮೊದ್ಲು ಆಸ್ಪತ್ರೆ, ಆಮೇಲೆ ಇಲ್ಲಿಗೆ" ಅಂದರು.

ಅಲ್ಲಿಂದ ಪೇಟೆ ಕಡೆ ನಡೆದೆವು. ಮೊದಲು ದಾರಿಯಲ್ಲಿ ಗದ್ದೆ ಇತ್ತಂತೆ. ಈಗ ಪೂರ್ತಿ ಮನೆಗಳು. ಮುಂಜಾನೆ ಇಬ್ಬನಿಯಲ್ಲಿ ಹೆಂಗಸರು ಗುಂಪಾಗಿ, ಬುತ್ತಿ ಕಟ್ಟಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಹೋಗುತ್ತಿದ್ದದ್ದನ್ನು ಹೇಳುತ್ತ ದೊಡ್ಡಮ್ಮ ಬೇಗಬೇಗ ಹೆಜ್ಜೆ ಹಾಕಿದರು. ಸೈರನ್ ಆಗುವ ಮುಂಚೆ ಗೇಟು ದಾಟಬೇಕಿತ್ತು.

ಗೇಟು ಈಗಲೂ ಇದೆ. ಒಳಗೆ ಗೋಡೌನ್ ಆಗಿದೆ. ವಾಚ್‌ಮನ್ ಒಳ್ಳೆಯವರು. ದೊಡ್ಡಮ್ಮ "ನಾನು ಇಲ್ಲೇ ಕೆಲಸ ಮಾಡಿದ್ದೆ ಕಣಪ್ಪ" ಅಂದ ತಕ್ಷಣ ಕಣದವರೆಗೆ ಬಿಟ್ಟರು. ದೊಡ್ಡ ಸಿಮೆಂಟ್ ಕಣ. ಅದರಾಚೆ ಹೆಂಚಿನ ಉದ್ದ ಶೆಡ್ಡು. ಎತ್ತರದಲ್ಲಿ ಕಿಟಕಿ ಸಾಲು. ಬೀಜದ ಬಣ್ಣ ಸರಿಯಾಗಿ ಕಾಣಲಿ ಅಂತ ಅಷ್ಟು ಬೆಳಕು.

ಅಲ್ಲಿ ನಿಂತು ದೊಡ್ಡಮ್ಮ ಇಡೀ ಕೆಲಸ ಹೇಳಿದರು. ತೋಟದಿಂದ ಪಾರ್ಚ್‌ಮೆಂಟ್ ಮೂಟೆಗಳು ಬರುತ್ತವೆ. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ, ಒಳ ಹೊಟ್ಟು ಇನ್ನೂ ಇರುವ ಕಾಫಿ. ಹಣ್ಣನ್ನು ಹಾಗೇ ಒಣಗಿಸಿದರೆ ಅದು ಚೆರಿ. ಮೂಟೆ ಬಂದಮೇಲೆ ಹಸಿ ಇದ್ದರೆ ಕಣದಲ್ಲಿ ಮತ್ತೆ ಒಣಗಿಸಬೇಕು. ಆಮೇಲೆ ಮಿಷನ್‌ಗೆ ಹಾಕಿ ಹೊಟ್ಟು ಬಿಡಿಸಿ, ಪಾಲಿಶ್ ಮಾಡಿ, ಜರಡಿ ಹಿಡಿಯಬೇಕು. 6.65 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಂತರೆ ಎ ಗ್ರೇಡು, 6 ಮಿಲಿಮೀಟರ್ ಜರಡಿಯ ಮೇಲೆ ನಿಂತರೆ ಬಿ. ಅಳತೆಗೆ ಮಿಷನ್ ಸಾಕು. ಬೀಜ ಒಳ್ಳೇದಾ ಕೆಟ್ಟಿದ್ದಾ ಅಂತ ಹೇಳುವುದಕ್ಕೆ ಆಗ ಹೆಂಗಸರ ಕಣ್ಣು, ಬೆರಳು ಬೇಕಿತ್ತು. ಆ ಕೆಲಸಕ್ಕೆ ಗಾರ್ಬ್ಲಿಂಗ್ ಅಂತ ಹೆಸರು. ಸಾಲಾಗಿ ಕೂತು ಬೀಜ ಆರಿಸುವುದು. ಬೆಳಿಗ್ಗೆಯಿಂದ ಸಂಜೆವರೆಗೆ.

ಆಗೆಲ್ಲ ಬೆಳೆಗಾರರು ಕಾಫಿಯನ್ನು ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುವ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಗುತ್ತ ಬಂದು 1996ರಲ್ಲಿ ಪೂರ್ತಿ ಹೋಯಿತು. ಬೆಳೆಗಾರರಿಗೆ ಅದು ಒಳ್ಳೇದೇ ಆಯಿತು. ಮಾರುಕಟ್ಟೆ ಬದಲಾಯಿತು, ಬಣ್ಣ ನೋಡಿ ಬೀಜ ಬೇರೆ ಮಾಡುವ ಮಿಷನ್‌ಗಳೂ ಬಂದವು. ದೊಡ್ಡಮ್ಮನ ಶೆಡ್ಡು ಖಾಲಿಯಾಯಿತು. ತೋಟದ ಸಾಹುಕಾರರ ಕತೆ ಹೇಳುವವರು ನಮ್ಮೂರಲ್ಲಿ ತುಂಬ ಜನ ಇದ್ದಾರೆ. ಈ ಶೆಡ್ಡಿನ ಹೆಂಗಸರನ್ನು ಯಾರೂ ಕೂರಿಸಿ ಕೇಳಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ನಮ್ಮ ಕಾಫಿಗೆ ಬಂದ ಹೆಸರಿನಲ್ಲಿ ಅವರ ಪಾಲೂ ಇದೆ.

ಅಲ್ಲಿಂದ ಇಂದಿರಾಗಾಂಧಿ ರಸ್ತೆ ದಾಟಿದೆವು. 1978ರ ನವೆಂಬರ್ ಉಪಚುನಾವಣೆಯ ಹೊತ್ತಿಗೆ ದೊಡ್ಡಮ್ಮ ಹರೆಯದವರು. ವೀರೇಂದ್ರ ಪಾಟೀಲರ ಎದುರು ಇಂದಿರಾಗಾಂಧಿ ಗೆದ್ದ ಚುನಾವಣೆ. "ದೇಶವೇ ನಮ್ಮೂರ ಕಡೆ ನೋಡ್ತಿತ್ತು. ನಾವು ಕೆಲಸ ಬಿಟ್ಟು ರಸ್ತೆಗೆ ಓಡಿದ್ವಿ" ಅಂದರು. ಕೂಲಿ ಹಿಡಿದರೋ ಇಲ್ಲವೋ ಅಂತ ಕೇಳಿದೆ. ನೆನಪಿಲ್ಲವಂತೆ. ಕೈ ಬೀಸಿದ್ದು ಮಾತ್ರ ನೆನಪಿದೆ.

ಎಂ.ಜಿ. ರಸ್ತೆಗೆ ಬರುವ ಹೊತ್ತಿಗೆ ಹುರಿದ ಕಾಫಿಯ ವಾಸನೆ ಬಂತು. ಕಾಫಿಪುಡಿ ಅಂಗಡಿಯಲ್ಲಿ ಹಸಿ ಬೀಜವನ್ನು ಚೀಲದಲ್ಲಿ ಬಾಯಿ ತೆರೆದಿಟ್ಟಿದ್ದರು. ದೊಡ್ಡಮ್ಮ ಅಂಗಡಿಯವರನ್ನು ಕೇಳಿ ಒಂದು ಹಿಡಿ ತೆಗೆದುಕೊಂಡು ಕೌಂಟರ್ ಮೇಲೆ ಹರಡಿದರು. ಬೂದು ಹಸಿರು ಬಣ್ಣದ ಬೀಜಗಳು. ಎರಡೂ ಕೈ ಇಟ್ಟರು. ಹೆಬ್ಬೆರಳು, ತೋರುಬೆರಳು ಮಾತ್ರ ಓಡಾಡಿದವು. ಒಂದು ಕರಿ ಬೀಜ ಪಕ್ಕಕ್ಕೆ. ಅಂಚು ಮುರಿದದ್ದು ಪಕ್ಕಕ್ಕೆ. ಬಿಳಚಿಕೊಂಡದ್ದು ಇನ್ನೊಂದು ಕಡೆ. ಒಂದನ್ನು ಎತ್ತಿ ನನ್ನ ಅಂಗೈಗೆ ಹಾಕಿದರು. ಸೂಜಿ ಚುಚ್ಚಿದಂಥ ತೂತು. "ಕಾಯಿಕೊರಕ ಹುಳ" ಅಂದರು. ಕನ್ನಡಕ ಹಾಕಿರಲಿಲ್ಲ. ತೂತು ಬೆರಳಿಗೆ ಸಿಕ್ಕಿತ್ತು!

ಆಮೇಲೆ ಗುಂಡಗಿರುವ ಒಂದು ಬೀಜ ಹುಡುಕಿ ತೋರಿಸಿದರು. ಪೀಬೆರಿ. ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೀಜ ಇರುತ್ತವೆ. ಒಂದಕ್ಕೊಂದು ತಾಗಿ ಬೆಳೆಯುವುದರಿಂದ ಒಂದು ಮೈ ಚಪ್ಪಟೆ. ಒಂದೇ ಬೆಳೆದರೆ ಗುಂಡಗಾಗುತ್ತದೆ. ಜರಡಿ ಹಿಡಿಯುವಾಗ ಇದನ್ನು ಬೇರೆ ಮಾಡಿ ಬೇರೆ ಗ್ರೇಡಾಗಿ ಮಾರುತ್ತಾರೆ.

ಅಂಗಡಿಯ ಹುಡುಗ ತೂಕ ಮಾಡುವುದನ್ನು ಬಿಟ್ಟು ನೋಡುತ್ತಿದ್ದ. "ಅಜ್ಜಿ, ಇದನ್ನ ನಂಗೂ ಹೇಳಿಕೊಡಿ" ಅಂದ. ದೊಡ್ಡಮ್ಮ ಹೇಳಿಕೊಟ್ಟರು. ಅವನ ಕೈಗೆ ಕರಿ ಬೀಜ ಸಿಕ್ಕಿತು, ಹುಳದ ಬೀಜ ಸಿಗಲಿಲ್ಲ. "ನೋಡಬೇಡ, ಮುಟ್ಟು" ಅಂತ ಬೆರಳು ಹಿಡಿದು ತೋರಿಸಿದರು. ಗಿರಾಕಿಗಳು ಕಾಯುತ್ತ ನಿಂತರು. ಯಾರೂ ಬೇಗ ಮಾಡಿ ಅನ್ನಲಿಲ್ಲ. ಕಾಲು ಕೇಜಿ ಪೀಬೆರಿ, ಚಿಕೋರಿ ಹಾಕದೆ, ಫಿಲ್ಟರ್‌ಗೆ ಪುಡಿ ಮಾಡಿಸಿಕೊಂಡೆವು.

ಆಟೋದಲ್ಲಿ ಮನೆಗೆ ಬರುವಾಗ ದೊಡ್ಡಮ್ಮ ಜೊತೆಗೆ ಕೂತು ಬೀಜ ಆರಿಸಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಮನೆಗೆ ಬಂದ ಮೇಲೆ ನಾನು ಬರೆದುಕೊಂಡೆ. ಕೆಲವರು ಇಲ್ಲ. ಕೆಲವರು ಉಪ್ಪಳ್ಳಿ ಕಡೆ ಇದ್ದಾರೆ. ಮುಂದಿನ ಭಾನುವಾರ ಅಲ್ಲಿಗೆ ಹೋಗಿ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರಬೇಕು. ಹಾಗೇ ರೈಲ್ವೆ ಸ್ಟೇಷನ್‌ಗೂ ಕರೆದುಕೊಂಡು ಹೋಗು ಅಂದಿದ್ದಾರೆ ದೊಡ್ಡಮ್ಮ. ಕಡೂರಿನಿಂದ ನಮ್ಮೂರಿಗೆ ರೈಲು ಬಂದಿದ್ದು 2013ರಲ್ಲಿ. ಅವರು ಇನ್ನೂ ನೋಡಿಲ್ಲವಂತೆ.