ನಿನ್ನ ರಾಜ್ಯವು ಬರಲಿ

ಈ ಬೆಳಿಗ್ಗೆ, ಯೇಸು ಸ್ವಾಮಿ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ ಹೇಳುತ್ತಿದ್ದಾಗ ‘ನಿನ್ನ ರಾಜ್ಯವು ಬರಲಿ’ ಎಂಬಲ್ಲಿ ನಾಲಿಗೆ ತಡವರಿಸಿತು. ಚಿಕ್ಕಂದಿನಿಂದ ಬಾಯಿಪಾಠವಾದ ಮಾತು. ಆದರೆ ದೇವರ ರಾಜ್ಯ ಬರಬೇಕಾದರೆ ನನ್ನ ಪುಟ್ಟ ರಾಜ್ಯ ಹೋಗಬೇಕಲ್ಲ! ಮಗನ ಭವಿಷ್ಯ, ಕೆಲಸ, ಹೆಸರು, ಯಾರನ್ನು ಕ್ಷಮಿಸಬೇಕು ಯಾರನ್ನು ಬಾರದು ಎಂಬ ಲೆಕ್ಕ, ಎಲ್ಲದರ ಬೀಗದ ಕೈಗಳನ್ನೂ ಬಿಗಿಹಿಡಿದುಕೊಂಡೇ ಇಷ್ಟು ವರ್ಷ ಪ್ರಾರ್ಥಿಸಿದ್ದೇನೆ.

ಒಪ್ಪಿಸಿಕೊಡುವುದೆಂದರೆ ಒಮ್ಮೆ ಅತ್ತು ಮುಗಿಸುವ ಕೆಲಸ ಎಂದುಕೊಂಡಿದ್ದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿಯೇ ಮೂರು ಸಲ ಹೋಗಿ ಪ್ರಾರ್ಥಿಸಿದನೆಂದು ಮತ್ತಾಯನು ತನ್ನ ಸುವಾರ್ತೆಯ 26ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಆ ಸಂಕಟದ ಪಾತ್ರೆ ತನ್ನನ್ನು ಬಿಟ್ಟು ಹೋಗಲಿ ಎಂದು ಮೊದಲು ಮನಸ್ಸು ಬಿಚ್ಚಿ ಕೇಳಿಕೊಂಡನು. ಆಮೇಲೆ ತಂದೆಯ ಚಿತ್ತದಂತೆಯೇ ಆಗಲಿ ಎಂದನು. ಬೇಡವೆನ್ನಿಸಿದ್ದನ್ನು ಮುಚ್ಚಿಟ್ಟು ಶರಣಾಗಬೇಕಿಲ್ಲ ಎಂಬುದು ನನಗೆ ಎಷ್ಟು ದೊಡ್ಡ ಸಮಾಧಾನವೋ ಹೇಳಲಾರೆ.

ದೇವರ ರಾಜ್ಯವೆಂದರೆ ಸಿಂಹಾಸನ, ಸೈನ್ಯ ಎಂದು ಊಹಿಸುವ ನಮಗೆ ಆತನು ತೋರಿಸಿದ್ದು ಸಾಸಿವೆ ಕಾಳನ್ನು, ಹಿಟ್ಟಿನಲ್ಲಿ ಅಡಗಿದ ಹುಳಿಯನ್ನು. ಮಾರ್ಕನ ಸುವಾರ್ತೆ 4:26-29ರಲ್ಲಿ ಆತನು ಹೇಳುವ ಸಾಮ್ಯದಲ್ಲಿ ಬೀಜ ಹಾಕಿದವನಂತೂ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೇ ತಿಳಿಯದು. ಆ ‘ಮಲಗುತ್ತಾನೆ’ ಎಂಬ ಮಾತಿನ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡು ಕುಳಿತಿದ್ದೆ. ಮೂರು ತಿಂಗಳಿಂದ ನನಗೆ ಸರಿಯಾದ ನಿದ್ದೆಯಿಲ್ಲ.

ಇವತ್ತು ಒಂದೇ ಒಂದು ಬೀಗದ ಕೈ ಒಪ್ಪಿಸಿದ್ದೇನೆ, ಮಗನದು. ಮಧ್ಯಾಹ್ನದೊಳಗೆ ಮತ್ತೆ ಕಿತ್ತುಕೊಂಡೇನೋ ಏನೋ. ಹಾಗಾದರೆ ಸಂಜೆ ಮತ್ತೆ ಮೊಣಕಾಲೂರುತ್ತೇನೆ.