ಬಡವರಿಗೆ ಕೊಡಿ ಅನ್ನುವವರು, ಸರ್ಕಾರ ಕೊಟ್ಟರೆ ಯಾಕೆ ಬೇಡ ಅಂತಾರೆ?

ನಾನು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು ಅಂತ ಗೊತ್ತಾದರೆ ಸಾಕು, ಅಮೆರಿಕದ ಸುದ್ದಿ ಓದುವ ಗೆಳೆಯರು ಈ ಪ್ರಶ್ನೆ ಎತ್ತುತ್ತಾರೆ. "ಹಸಿದವರಿಗೆ ಊಟ ಕೊಡಿ ಅಂತ ಯೇಸು ಹೇಳಿದ್ದು ತಾನೇ? ಮತ್ತೆ ಜನ ಕೆಲಸ ಕಳೆದುಕೊಂಡಾಗ ಸರ್ಕಾರ ದುಡ್ಡು ಬಿಚ್ಚಿದರೆ ಅಲ್ಲಿಯ ಕ್ರೈಸ್ತರಿಗೆ ಏನು ಸಂಕಟ ಮಾರಾಯ?"

ಎಲ್ಲ ಕ್ರೈಸ್ತರೂ ಬೇಡ ಅನ್ನುವುದಿಲ್ಲ. 2012ರಲ್ಲಿ ಬಡವರ ಆಹಾರ ಕೂಪನ್ನಿಗೆ ಕತ್ತರಿ ಹಾಕಲು ಹೊರಟಾಗ ತಕರಾರು ತೆಗೆದವರು ಅಲ್ಲಿಯ ಕ್ಯಾಥೊಲಿಕ್ ಬಿಷಪ್ಪರು. ಆ ಕಡಿತದ ಬಜೆಟ್ ಬರೆದ ಸಂಸದ ಪಾಲ್ ರಯಾನ್ ಕೂಡ ಕ್ಯಾಥೊಲಿಕರೇ, ಅವರೂ ಸಭೆಯ (ಅಂದರೆ ಚರ್ಚಿನ) ಬೋಧನೆಯನ್ನೇ ಮುಂದಿಟ್ಟರು. ಬೇಡ ಅನ್ನುವವರೂ ಎಲ್ಲ ಒಂದೇ ಬಗೆಯವರಲ್ಲ. ನಾನು ಅವರನ್ನು ಕೇಳುವುದು ಒಂದೇ: ಸರ್ಕಾರ ಬೇಡ ಅಂದ ಮೇಲೆ ಆ ಭಾರ ಯಾರ ಹೆಗಲಿಗೆ?

ಮೊದಲು ಅವರ ವಾದ ಕೇಳೋಣ. 2008ರ ಅಕ್ಟೋಬರಿನಲ್ಲಿ ಬುಷ್ ಸರ್ಕಾರ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರ್ ಎತ್ತಿಟ್ಟಿತು. 2009ರ ಫೆಬ್ರವರಿಯಲ್ಲಿ ಒಬಾಮಾ ಕುಸಿದ ಆರ್ಥಿಕತೆಯನ್ನು ಎತ್ತಲು 78,700 ಕೋಟಿ ಡಾಲರಿನ ಪ್ಯಾಕೇಜಿಗೆ ಸಹಿ ಹಾಕಿದರು. ಆಗ ಹೆಚ್ಚು ಕೇಳಿಬಂದದ್ದು ಸಾಲದ ಮಾತು. ಸಾಲ ಮಾಡಿದವನು ಕೊಟ್ಟವನ ಆಳು ಅನ್ನುತ್ತದೆ ಬೈಬಲಿನ ಜ್ಞಾನೋಕ್ತಿ ಪುಸ್ತಕ. ಒಳ್ಳೆಯವನು ಮೊಮ್ಮಕ್ಕಳಿಗೂ ಆಸ್ತಿ ಬಿಟ್ಟುಹೋಗುತ್ತಾನೆ ಅಂತಲೂ ಅದರಲ್ಲೇ ಇದೆ. ನೀವು ಬಿಟ್ಟುಹೋಗುವುದು ಸಾಲದ ಪತ್ರ ಅಲ್ವಾ ಅಂತ ಅವರ ಪ್ರಶ್ನೆ. ಎರಡನೆಯದು ಬಲವಂತದ ಮಾತು. ದೇವರಿಗೆ ಇಷ್ಟ ಆಗುವುದು ಸಂತೋಷದಿಂದ ಕೊಡುವವನು. ತೆರಿಗೆ ಯಾರೂ ಸಂತೋಷದಿಂದ ಕಟ್ಟುವುದಿಲ್ಲ, ಹಾಗಾಗಿ ಅದು ದಾನವಲ್ಲ. ಈ ಎರಡನೆಯ ವಾದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ತೆರಿಗೆ ದಾನ ಅಂತ ಹೇಳಿದವರು ಯಾರು? ಸಾಲದ ವಾದವನ್ನು ಮಾತ್ರ ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ತಮಾಷೆ ಏನೆಂದರೆ, ಎರಡೂ ಕಡೆಯವರು ಯೋಸೇಫನ ಕಥೆಯನ್ನೇ ಹಿಡಿದು ಜಗ್ಗುತ್ತಾರೆ. ಬೈಬಲಿನ ಆದಿಕಾಂಡದ 41ನೇ ಅಧ್ಯಾಯದಲ್ಲಿ ಯೋಸೇಫ ಐಗುಪ್ತದ (ಈಜಿಪ್ಟಿನ) ಮಂತ್ರಿಯಾಗುತ್ತಾನೆ. ಸುಭಿಕ್ಷದ ಏಳು ವರ್ಷ ಬೆಳೆಯಲ್ಲಿ ಐದರಲ್ಲೊಂದು ಪಾಲು ಕಣಜಕ್ಕೆ ತುಂಬಿಸಿ, ಬರದ ಏಳು ವರ್ಷ ಅದನ್ನು ಹೊರಗೆ ತೆಗೆಯುತ್ತಾನೆ. ನೋಡಿ, ಕಷ್ಟಕಾಲದಲ್ಲಿ ಸರ್ಕಾರ ಖರ್ಚು ಮಾಡಬೇಕು ಅನ್ನುತ್ತಾರೆ ಒಬ್ಬರು. ಅವನು ಮೊದಲು ಕೂಡಿಟ್ಟಿದ್ದ, ನೀವು ಸಾಲ ತರುತ್ತಿದ್ದೀರಿ ಅನ್ನುತ್ತಾರೆ ಇನ್ನೊಬ್ಬರು. 47ನೇ ಅಧ್ಯಾಯಕ್ಕೆ ಬನ್ನಿ. ಆ ಧಾನ್ಯ ಪುಕ್ಕಟೆ ಸಿಗಲಿಲ್ಲ. ಜನ ಮೊದಲು ಹಣ ಕೊಟ್ಟರು, ಹಣ ಮುಗಿದ ಮೇಲೆ ದನಕರು ಕೊಟ್ಟರು, ಕೊನೆಗೆ ಹೊಲವನ್ನೂ ತಮ್ಮನ್ನೂ ಅಲ್ಲಿಯ ರಾಜ ಫರೋಹನಿಗೆ ಮಾರಿಕೊಂಡರು. ಬರ ಮುಗಿಯುವಾಗ ಪುರೋಹಿತರ ಹೊಲ ಬಿಟ್ಟು ಉಳಿದದ್ದೆಲ್ಲ ಅರಮನೆಯದು. ಸರ್ಕಾರದ ಕೈ ಉದ್ದ ಆಗುವುದಕ್ಕೆ ಹೆದರುವವರು ಈ ಅಧ್ಯಾಯ ಓದಿಯೇ ಹೆದರುತ್ತಾರೆ. ಚರ್ಚಿನ ಬಹಳ ಉಪದೇಶಗಳು 41ಕ್ಕೇ ನಿಂತುಬಿಡುತ್ತವೆ, ಬಿಡಿ.

ಈಗ ಹೆಗಲಿನ ವಿಷಯ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ, 1933ರ ಹೊತ್ತಿಗೆ, ಅಮೆರಿಕದ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಕೆಲಸವಿರಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್ 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ತಂದರು: ದುಡಿಯುವಾಗ ತೆರಿಗೆ ಕಟ್ಟು, ವಯಸ್ಸಾದಾಗ ಪಿಂಚಣಿ ತಗೋ. ಇದು 1955ರಲ್ಲಿ ರೈತರಿಗೂ ಬಂತು. ಆಮಿಷ್ ಸಭೆಯವರು ಒಪ್ಪಲಿಲ್ಲ. ಇವರು ಇವತ್ತಿಗೂ ಕುದುರೆ ಕಟ್ಟಿ ಉಳುವ ಜನ. ಮುದುಕರನ್ನು, ವಿಧವೆಯರನ್ನು ನೋಡಿಕೊಳ್ಳುವುದು ಮನೆಯ, ಸಭೆಯ ಕೆಲಸ, ಅದನ್ನು ಸರ್ಕಾರಕ್ಕೆ ಒಪ್ಪಿಸಿದರೆ ನಂಬಿಕೆಗೇ ದ್ರೋಹ ಅಂದರು. 1961ರ ವಸಂತದಲ್ಲಿ ಪೆನ್ಸಿಲ್ವೇನಿಯಾದ ವ್ಯಾಲೆಂಟೈನ್ ಬೈಲರ್ ಅನ್ನುವ ರೈತ ಹೊಲ ಉಳುತ್ತಿದ್ದ. ತೆರಿಗೆ ಅಧಿಕಾರಿಗಳು ನೇರ ಹೊಲಕ್ಕೇ ಬಂದು ನೇಗಿಲಿನಿಂದ ಮೂರು ಕುದುರೆಗಳನ್ನು ಬಿಚ್ಚಿಕೊಂಡು ಹೋದರು. ಬಾಕಿ ಇದ್ದದ್ದು 308 ಡಾಲರ್ ಚಿಲ್ಲರೆ. ಉಳುವ ಹೊತ್ತಿನಲ್ಲಿ ರೈತನ ಕುದುರೆ ಹರಾಜು ಹಾಕಿದ್ದಕ್ಕೆ ದೇಶದ ಹಲವು ಪತ್ರಿಕೆಗಳು ಸರ್ಕಾರಕ್ಕೆ ಛೀಮಾರಿ ಹಾಕಿದವು. 1965ರಲ್ಲಿ ಕಾನೂನೇ ಬದಲಾಗಿ, ಸ್ವಂತ ದುಡಿಮೆಯ ಆಮಿಷರಿಗೆ ವಿನಾಯಿತಿ ಸಿಕ್ಕಿತು. ಆ ತೆರಿಗೆ ಕಟ್ಟುವುದಿಲ್ಲ, ಪಿಂಚಣಿಯನ್ನೂ ಮುಟ್ಟುವುದಿಲ್ಲ. ಇಂಥವರು ಬೇಡ ಅಂದರೆ ನಾನು ಕೈ ಮುಗಿಯುತ್ತೇನೆ.

ಯೂಟಾ ರಾಜ್ಯದ ಮಾರ್ಮನ್ ಸಭೆಯವರದ್ದು ಇನ್ನೊಂದು ಕಥೆ. (ಅವರು ಕ್ರೈಸ್ತರೇ ಅಲ್ಲ ಅನ್ನುವವರಿದ್ದಾರೆ. ಆ ಜಗಳ ಇಲ್ಲಿ ಬೇಡ.) ಸುಮ್ಮನೆ ಕೂತು ಸರ್ಕಾರದ ದುಡ್ಡು ತಿನ್ನುವುದು ಕೆಡುಕು ಅಂತ ಅವರ ಸಭೆ 1936ರಲ್ಲಿ ತನ್ನದೇ ಯೋಜನೆ ಶುರು ಮಾಡಿತು. ಸಭೆಯ ತೋಟದಲ್ಲಿ ಸದಸ್ಯರೇ ದುಡಿಯುವುದು, ಬೆಳೆದದ್ದನ್ನು ಉಗ್ರಾಣದಲ್ಲಿಟ್ಟು ಇಲ್ಲದವರಿಗೆ ಹಂಚುವುದು. ತಿಂಗಳಿಗೊಂದು ಭಾನುವಾರ ಎರಡು ಹೊತ್ತು ಉಪವಾಸ ಮಾಡಿ ಆ ಊಟದ ದುಡ್ಡನ್ನು ಕೊಡುವ ಪದ್ಧತಿ ಈಗಲೂ ಇದೆ. ಆದರೂ ಅದೇ ವರ್ಷದ ಚುನಾವಣೆಯಲ್ಲಿ ಸಭೆಯ ಪತ್ರಿಕೆ ರೂಸ್‌ವೆಲ್ಟ್ ವಿರುದ್ಧ ಬರೆದರೂ, ಯೂಟಾದ ಸುಮಾರು 69% ಜನ ವೋಟು ಹಾಕಿದ್ದು ರೂಸ್‌ವೆಲ್ಟ್‌ಗೇ. ಉಗ್ರಾಣವೂ ಇರಲಿ, ಸರ್ಕಾರವೂ ಇರಲಿ ಅಂತ ಜನ ಲೆಕ್ಕ ಹಾಕಿರಬೇಕು.

ನ್ಯೂಯಾರ್ಕಿನ ಬೀದಿಯಲ್ಲಿ ಬಡವರ ಜೊತೆ ಬದುಕಿದ ಕ್ಯಾಥೊಲಿಕ್ ಹೋರಾಟಗಾರ್ತಿ ಡೊರೊಥಿ ಡೇ ಕೂಡ ಸೋಷಿಯಲ್ ಸೆಕ್ಯುರಿಟಿಯನ್ನು ಕ್ರೈಸ್ತಧರ್ಮದ ದೊಡ್ಡ ಸೋಲು ಅಂತ 1945ರಲ್ಲಿ ಬರೆದರು. ನಾವು ಮಾಡಬೇಕಾದದ್ದನ್ನು ಮಾಡದೆ ಸರ್ಕಾರ ಮಾಡಬೇಕಾಯಿತಲ್ಲ ಅನ್ನುವ ಸಂಕಟ ಅದು.

ಇದೇ ಹೊತ್ತಿಗೆ ಲಾಸ್ ಏಂಜಲೀಸ್‌ನಲ್ಲಿ ಜೇಮ್ಸ್ ಫೈಫೀಲ್ಡ್ ಅನ್ನುವ ಪಾಸ್ಟರ್ ಇದ್ದರು. ಶ್ರೀಮಂತರ ಸಭೆ ಅವರದು. 1935ರಲ್ಲಿ ಒಂದು ಸಂಘ ಕಟ್ಟಿ ರೂಸ್‌ವೆಲ್ಟರ ಯೋಜನೆಗಳ ಮೇಲೆ ಹರಿಹಾಯ್ದರು. ಮುಂದೆ ಆ ಸಂಘಕ್ಕೆ ಹಣ ಹರಿದದ್ದು ಎಣ್ಣೆ ಕಂಪನಿಯ ಹೊವರ್ಡ್ ಪ್ಯೂ ಅಂಥ ಉದ್ಯಮಿಗಳಿಂದ. ಬಾಯಲ್ಲಿ ಬೈಬಲ್ ವಚನ ಅದೇ. ಆದರೆ ತೆರಿಗೆ ಕಡಿಮೆಯಾದರೆ ಲಾಭ ಯಾರಿಗೆ ಅಂತ ಬೇರೆ ಹೇಳಬೇಕಾ?

ಸರಿ, ಸಭೆಗಳೇ ಎಲ್ಲ ಹೊರಲಿ ಅಂದರೆ ಆಗುತ್ತದಾ? ಕುಸಿತದ ಕಾಲದಲ್ಲಿ ಕಾಣಿಕೆ ಪೆಟ್ಟಿಗೆಯೂ ಬರಿದಾಗುತ್ತದೆ. 1930ರ ದಶಕದಲ್ಲಿ ಆದದ್ದು ಅದೇ, ಪಾಸ್ಟರುಗಳ ಸಂಬಳವೇ ಕಡಿತವಾಯಿತು. ಜನರಿಗೆ ಸಹಾಯ ಜಾಸ್ತಿ ಬೇಕಾದಾಗಲೇ ಸಭೆಯ ಕೈ ಖಾಲಿ. 2012ರಲ್ಲಿ ಸಂಸತ್ತಿನಲ್ಲಿ ಆಹಾರ ಕೂಪನ್ನಿನ ಕಡಿತದ ಮಾತು ನಡೆದಾಗ 'ಬ್ರೆಡ್ ಫಾರ್ ದಿ ವರ್ಲ್ಡ್' ಅನ್ನುವ ಕ್ರೈಸ್ತ ಸಂಸ್ಥೆ ಲೆಕ್ಕ ಹಾಕಿತು: ಆ ಕೊರತೆ ತುಂಬಲು ಅಮೆರಿಕದ ಪ್ರತಿ ಸಭೆಯೂ ವರ್ಷಕ್ಕೆ ಹೆಚ್ಚುವರಿ 50,000 ಡಾಲರ್ ಎತ್ತಬೇಕು. ನೂರು ಜನ ಕೂರುವ ಹಳ್ಳಿ ಚರ್ಚೂ ಅದರಲ್ಲಿ ಸೇರಿತು.

ಕೊನೆಗೆ ಗೆಳೆಯರು, "ನಿಮ್ಮ ಸಭೆಗಳಲ್ಲೂ ಹೀಗೆ ಹೇಳ್ತಾರಾ?" ಅಂತ ಕೇಳುತ್ತಾರೆ. ನಾನಂತೂ ಕೇಳಿಲ್ಲ. ನಮ್ಮಲ್ಲಿ ತಕರಾರು ಉಲ್ಟಾ. 1950ರ ರಾಷ್ಟ್ರಪತಿ ಆದೇಶದಿಂದಾಗಿ, ದಲಿತರು ಕ್ರೈಸ್ತರಾದರೆ ಪರಿಶಿಷ್ಟ ಜಾತಿಯ ಸೌಲಭ್ಯ ಕಳೆದುಕೊಳ್ಳುತ್ತಾರೆ. ಅದನ್ನು ಕೊಡಿ ಅಂತ ಸಭೆಗಳು ದಶಕಗಳಿಂದ ಸರ್ಕಾರದ ಬಾಗಿಲು ತಟ್ಟುತ್ತಿವೆ, ಕೋರ್ಟಿಗೂ ಹೋಗಿವೆ.